ಬಾಟಲಿ ತೊಳೆದವರು

6 ಏಪ್ರಿಲ್ 1987, ಸೋಮವಾರ

ಇಂದು ನಲವತ್ತು ಬಾಟಲಿ. ಸೋಪಿನ ನೀರಿನಲ್ಲಿ ಒಂದು ದಿನ, ಆಸಿಡ್‌ನಲ್ಲಿ ಮೂರು ದಿನ, ಆಮೇಲೆ ಶುದ್ಧ ನೀರಿನಲ್ಲಿ ಐದು ಸಲ. ನಮ್ಮವರು ಹೇಳಿಕೊಟ್ಟ ಕ್ರಮ. ಎಣಿಕೆ ತಪ್ಪಿದರೆ ಮೊದಲಿನಿಂದ. ಒಮ್ಮೆ ತಪ್ಪಿತು, ನಾಲ್ಕೋ ಐದೋ... ಮತ್ತೆ ತೊಳೆದೆ.

ಸಂಜೆ ಸೊಲ್ಲಾಪುರದ ರೈಲಿಗೆ ಬಂದ ಸಮುದ್ರದ ನೀರಿನ ಕ್ಯಾನುಗಳನ್ನು ಜೀಪಿನಿಂದ ಇಳಿಸಿದರು. ಪಕ್ಕದ ಮನೆಯ ಮಲ್ಕಮ್ಮ ರಸ್ತೆಯಲ್ಲಿ ನಿಂತು ನೋಡುತ್ತಿದ್ದಳು.

"ಯಾಕ ಬೇ ಗುರುಶಾಂತಾ, ಆಳಂದದಾಗ ಕುಡಿಯಾಕ ನೀರಿಲ್ಲ, ನಿಮ್ಮ ಯೂನಿವರ್ಸಿಟಿ ಮಂದಿ ಸಮುದ್ರ ತರಸಾಕತ್ತಾರ. ನನಗೊಂದು ಕೊಡ ಕೊಡು, ಸಾರಿಗೆ ಉಪ್ಪರೆ ಉಳಿತದ."

ನಕ್ಕೆ. ನಮ್ಮವರು ಹೋದ ಈ ಐದು ತಿಂಗಳಲ್ಲಿ ಮೊದಲ ಸಲ ಇರಬೇಕು.

ಊರ ಹೊರಗಿನ ಈ ಹಳೆಯ ಬಂಗಲೆಯಲ್ಲಿ ಲ್ಯಾಬ್ ಇಟ್ಟದ್ದೇ ಇಲ್ಲಿ ಕಾರ್ಖಾನೆ ಇಲ್ಲ ಎಂದು. ಗಾಳಿಯಲ್ಲಿ ಲೋಹದ ಪುಡಿ ಇಲ್ಲ. ಸಮುದ್ರದ ನೀರಿನಲ್ಲಿ ಸತು, ತಾಮ್ರ ಇರುವುದು ಇಲ್ಲವೇ ಇಲ್ಲ ಎನ್ನುವಷ್ಟು. ಹೊರಗಿನ ಒಂದು ಕಣ ಬಿದ್ದರೆ ಮುಗಿಯಿತು. ಮಲ್ಕಮ್ಮನಿಗೆ ಇದನ್ನೆಲ್ಲ ಹೇಳಲಿಲ್ಲ.

13 ಏಪ್ರಿಲ್

ಈ ಲ್ಯಾಬ್ ನಡೆಸುವ ಪ್ರೊಫೆಸರ್, ದೊಡ್ಡ ಸರ್ ಬಂದರು. ಯೂನಿವರ್ಸಿಟಿಗೆ ಬೇಸಿಗೆ ರಜೆ, ಜೂನ್‌ವರೆಗೆ ಇಲ್ಲೇ. ಇಳಿದ ತಕ್ಷಣ, "ಇದೇನು ಬಿಸಿಲೋ, ಕೆಂಡವೋ." ಪ್ರತಿ ವರ್ಷದ ಮಾತು. ಸಂಜೆಗೇ ಕೊರಳೆಲ್ಲ ಬೆವರುಸಾಲೆ. ಪಾಪ, ತಂಪು ಊರಿನವರು.

ಬಾಗಿಲಲ್ಲಿ ನನ್ನ ಹಣೆ ನೋಡಿದರು. "ವಿಭೂತಿ ಇಲ್ಲ ತಾನೆ? ಬೂದಿಯಲ್ಲೂ ಲೋಹ ಇರುತ್ತದೆ."

"ಇಲ್ರಿ ಸರ್."

27 ಏಪ್ರಿಲ್

ಇವತ್ತಿನದನ್ನು ಬರೆದೇ ಮಲಗುತ್ತೇನೆ.

ಗೌಸಮೊಹಿದ್ದೀನ ದಿಲ್ಲಿಗೆ ಕಳಿಸುವ ಮೂರು ವರ್ಷದ ರಿಪೋರ್ಟಿನ ಟೈಪು ತಿದ್ದುತ್ತ ಕೂತಿದ್ದ. ಅಫಜಲಪುರದ ಹುಡುಗ, ಇಲ್ಲೇ ಪಿಎಚ್‌ಡಿ ಮಾಡುತ್ತಾನೆ. ನಾನು ಹತ್ತಿರ ಹೋದ ಕೂಡಲೇ ಕಾಗದ ಮಗುಚಿ ಇಟ್ಟ.

"ಯಾಕೋ ತಮ್ಮಾ, ನನಗ ಇಂಗ್ಲಿಷ್ ಬರಂಗಿಲ್ಲ. ಮುಚ್ಚೂದು ಯಾಕ?"

"ಏನಿಲ್ಲ ಬಿಡ್ರಿ ಅಕ್ಕಾ."

"ಹೇಳು."

ಹೇಳಿದ. ಮೂರು ಬೇಸಿಗೆ, ಎಂಬತ್ತನಾಲ್ಕು, ಐದು, ಆರು, ಸತು ವಿಪರೀತ ಹೆಚ್ಚು ಬಂದಿದೆ. ಕಾರಣ ಎಂದು ಒಂದು ಸಾಲು: ಅಟೆಂಡರ್ ಬಾಟಲಿಗಳನ್ನು ಸರಿಯಾಗಿ ತೊಳೆಯದೆ ಇದ್ದುದು.

ಅಟೆಂಡರ್ ಅಂದರೆ ನಮ್ಮವರು. ಶಾಂತಲಿಂಗಪ್ಪ. ಹೆಸರೂ ಹಾಕಿಲ್ಲ.

ಈ ಲ್ಯಾಬಿಗಾಗಿ ಏಳು ವರ್ಷ ಬೆಳಗಿನ ವಿಭೂತಿ ಬಿಟ್ಟ ಮನುಷ್ಯ. ಸಂಜೆ ಸ್ನಾನ ಮಾಡಿ ಹಚ್ಚಿಕೊಳ್ಳುತ್ತಿದ್ದರು. "ಬರೀ ಹಣೀಲೆ ಹೊಂಟೀ, ಯಾರರೆ ಸತ್ತಾರೇನು?" ಎಂದು ಅತ್ತೆ ದಿನಾ ಬೈಯುತ್ತಿದ್ದರು. ಲೋಹ ಎಂದು ಬೆಳ್ಳಿ ಕರಡಿಗೆ ಬಿಟ್ಟು ಲಿಂಗವನ್ನು ಬಟ್ಟೆಯಲ್ಲಿ ಕಟ್ಟಿಕೊಂಡರು. ಮಣ್ಣು ಕೊಟ್ಟ ದಿನವೂ ಆ ಕರಡಿಗೆ ಪೆಟ್ಟಿಗೆಯಲ್ಲೇ ಇತ್ತು, ಯಾರಿಗೂ ನೆನಪಾಗಲಿಲ್ಲ.

ಅವರು ಸರಿಯಾಗಿ ತೊಳೆಯಲಿಲ್ಲವಂತೆ!

28 ಏಪ್ರಿಲ್

ಸರ್ ಹತ್ತಿರ ಹೋದೆ. "ಆ ಸಾಲು ತೆಗೀರಿ ಸರ್. ಅವರು ಹಂಗ ಮಾಡೋರಲ್ರಿ."

"ನೋಡಮ್ಮಾ, ನಾನು ಯಾರನ್ನೂ ದೂರುತ್ತಿಲ್ಲ. ಸತು ಎಲ್ಲಿಂದಲೋ ಬಂದಿದೆ. ಅವನೇನೂ ಬೇಕೆಂದು ಮಾಡಿಲ್ಲ. ಹೋಗಲಿ, ಅವನಿಗೆ ಈಗ ಏನಾಗಬೇಕಿದೆ?"

ಏನಾಗಬೇಕಿದೆ! ಸತ್ತವರು ಸುಲಭ. ಎದುರು ಮಾತಾಡುವುದಿಲ್ಲ.

11 ಮೇ

ಈ ವರ್ಷವೂ ಸತು ಏರಿದೆ. ಈಗ ತೊಳೆಯುತ್ತಿರುವವಳು ನಾನು. "ಗಂಡನಿಂದ ಕಲಿತದ್ದು ತಾನೆ" ಎಂದರು ಸರ್, ನಗುತ್ತ.

ಜನವರಿಯಲ್ಲಿ ನಾನೇ ತೊಳೆದೆ. ಸತು ಇರಲಿಲ್ಲ. ಫೆಬ್ರವರಿ, ಮಾರ್ಚ್, ಇಲ್ಲ. ಅದೇ ಕೈ, ಅದೇ ಐದು ಸಲ. ಹಾಗಾದರೆ ಬೇಸಿಗೆಯಲ್ಲಿ ಮಾತ್ರ ಬರುವುದು ಏನು?

ಬಿಸಿಲು. ಧೂಳು? ಧೂಳು ಮಾರ್ಚ್‌ನಲ್ಲೂ ಇತ್ತು. ಮತ್ತೆ...

14 ಮೇ, ಮಧ್ಯಾಹ್ನ

ಸರ್ ಕೋಣೆ ಗುಡಿಸಲು ಹೋದೆ. ಕನ್ನಡಿಯ ಮುಂದೆ ಬೆವರುಸಾಲೆ ಪೌಡರಿನ ಡಬ್ಬಿ. ನೆಲದ ಮೇಲೆ ಬಿಳಿ ಹೆಜ್ಜೆ, ಅಲ್ಲಿಂದ ಲ್ಯಾಬಿನ ಬಾಗಿಲವರೆಗೆ. ಕೊರಳಿಗೆ, ಬೆನ್ನಿಗೆ, ಬಗಲಿಗೆ ಸುರಿದುಕೊಂಡು ಹಾಗೇ ಬಾಟಲಿಗಳ ಮೇಲೆ ಬಾಗಿ ನಿಲ್ಲುತ್ತಾರೆ.

ನಾನು ಏಳನೇ ಇಯತ್ತೆವರೆಗೆ ಕಲಿತವಳು. ಇಂಗ್ಲಿಷ್ ಅಕ್ಷರ ಕೂಡಿಸಿ ಓದಬಲ್ಲೆ. ಡಬ್ಬಿಯ ಹಿಂದೆ ಸಣ್ಣ ಅಕ್ಷರದಲ್ಲಿ ಜಿಂಕ್, ಅಂದರೆ ಸತು. ಗೌಸನ ಚಾರ್ಟಿನ ತಲೆಯ ಮೇಲೆ ಬರೆದಿರುತ್ತದಲ್ಲ, ಅದೇ ನಾಲ್ಕು ಅಕ್ಷರ.

ಪೊರಕೆ ಕೆಳಗಿಟ್ಟು ಇನ್ನೊಮ್ಮೆ ಓದಿದೆ.

ನಮ್ಮ ವಿಭೂತಿ ಧೂಳು. ಇವರ ಪೌಡರು ಔಷಧ. ಏಳು ವರ್ಷ ಬರೀ ಹಣೆ!

18 ಮೇ

ಗೌಸ ಮೊದಲು ನಂಬಲಿಲ್ಲ. ಆಮೇಲೆ ನಾನು ತೊಳೆದ ಆರು ಬಾಟಲಿಗೆ ಶುದ್ಧ ನೀರು ತುಂಬಿದ. ಮೂರರ ಹತ್ತಿರ ಕೊರಳಿಗೆ ಪೌಡರ್ ಹಾಕಿಕೊಂಡು ನಿಂತ, ಮೂರರ ಹತ್ತಿರ ಹಾಗೇ.

ಮಶೀನಿನ ಕಾಗದ ಬಂತು: ಪೌಡರಿನ ಮೂರರಲ್ಲಿ ಮಾತ್ರ ಸತು. ನೋಡಿ ಕೂತುಬಿಟ್ಟ.

"ಯಾ ಅಲ್ಲಾ. ಅಕ್ಕಾ, ನೀವು ಹೇಳಿದ್ದು ಖರೇ ಅದರಿ."

"ಹಂಗಾದ್ರ ಸರ್‌ಗೆ ಹೇಳು."

ಕಾಗದ ಮಡಚಿದ. "ನನ್ನ ಥೀಸಿಸ್ ಅವರ ಕೈಯಾಗ ಅದರಿ. ಇನ್ನ ಆರು ತಿಂಗಳು..."

"ನಮ್ಮವರು ನಿನಗ ದಿನಾ ರೊಟ್ಟಿ ತಂದು ಕೊಟ್ಟಾರ."

ಅತ್ತ. ಆದರೂ ಹೇಳುವುದಿಲ್ಲ. ಕಾಗದ ಮಾತ್ರ ನನ್ನ ಕೈಗೆ ಕೊಟ್ಟ.

3 ಜೂನ್

ಲ್ಯಾಬಿನ ಕೆಲಸ ನೋಡಲು ದಿಲ್ಲಿಯ ಕಮಿಟಿ ಬಂದಿತ್ತು. ಮೂವರು. ಒಬ್ಬರು ಮುದುಕಿ ಮೇಡಂ, ಧಾರವಾಡದ ಕಡೆಯ ಮಾತು. ಚಹಾ ಒಯ್ದೆ. ಟ್ರೇನಲ್ಲಿ ನಾಲ್ಕು ಕಪ್ಪು, ಸಕ್ಕರೆ, ಪೌಡರ್ ಡಬ್ಬಿ, ಅದರ ಕೆಳಗೆ ಗೌಸನ ಕಾಗದ.

"ಇದೇನವಾ?" ಎಂದರು ಮೇಡಂ.

"ಮೂರು ವರ್ಷದ ಸತುರಿ. ನನ್ನ ಗಂಡ ತಂದದ್ದಲ್ಲರಿ."

ಸರ್ ಮುಖ ಕೊರಳಿನ ಪೌಡರಿಗಿಂತ ಬಿಳಿ. ಮೇಡಂ ಕನ್ನಡಕ ಹಾಕಿ ಕಾಗದ ಓದಿದರು, ಡಬ್ಬಿ ತಿರುಗಿಸಿ ಓದಿದರು. ಜೋರಾಗಿ ನಕ್ಕುಬಿಟ್ಟರು. ಇಂಗ್ಲಿಷಿನಲ್ಲಿ ಏನೋ ಹೇಳಿದರು. ಸರ್ ತಲೆ ಆಡಿಸಿದರು. ಮೇಡಂ ನನಗೆ, "ಆ ಸಾಲು ಇರೂದಿಲ್ಲ, ಹೋಗವಾ" ಎಂದರು.

ಅತ್ತೆಗೆ ಹೇಳಿದೆ. ಪೆಟ್ಟಿಗೆ ತೆಗೆದು ಕರಡಿಗೆ ಒರೆಸುತ್ತ ಕೂತರು.

19 ಜೂನ್

ಮಳೆ ಬಿತ್ತು. ಸರ್ ಹೊರಟುಹೋದರು. ಹೊಸ ಟೈಪು ಬಂದಿದೆ. ಗೌಸನಿಂದ ಓದಿಸಿದೆ. ಸಾಲು ಹೋಗಿದೆ, ನಿಜ. ಅದರ ಜಾಗದಲ್ಲಿ: ಸತು ಹೆಚ್ಚಾದ ಕಾರಣ ತಿಳಿದುಬಂದಿಲ್ಲ.

ತಿಳಿದುಬಂದಿಲ್ಲವಂತೆ! ಅಟೆಂಡರ್ ಆದರೆ ಎರಡು ನಿಮಿಷದಲ್ಲಿ ತಿಳಿಯುತ್ತದೆ. ಸರ್ ಆದರೆ ತಿಳಿದುಬರುವುದಿಲ್ಲ.

"ಬಿಡ್ರಿ ಅಕ್ಕಾ, ಭಾಯಿ ಹೆಸರು ಉಳಿತಲ್ಲ" ಎಂದ ಗೌಸ.

ಎಲ್ಲಿ ಉಳಿಯಿತು? ಕಾರಣ ತಿಳಿಯದಿದ್ದರೆ ಓದಿದವರು ಯಾರನ್ನು ನೆನೆಯುತ್ತಾರೆ? ತೊಳೆದವನನ್ನೇ.

ನಾಳೆ ರಿಪೋರ್ಟಿನ ಜೊತೆ ಬಾಟಲಿ ತೊಳೆದ ರಜಿಸ್ಟರೂ ದಿಲ್ಲಿಗೆ ಹೋಗುತ್ತದೆ. ಕಟ್ಟಿ ಅರಗು ಹಾಕುವ ಕೆಲಸ ನನ್ನದು. ತೆರೆದು ನೋಡಿದೆ. ಏಳು ವರ್ಷ, ಒಂದೂ ದಿನ ಬಿಟ್ಟಿಲ್ಲ. ಪ್ರತಿ ಸಾಲಿನ ಕೊನೆಗೆ ಐದು ಗೆರೆ, ಐದು ತೊಳೆತ. ಆಸ್ಪತ್ರೆಗೆ ಹೋದ ದಿನ ಮೂರೇ ಗೆರೆ. ಪಕ್ಕದಲ್ಲಿ: "ಎರಡು ಬಾಕಿ. ಈ ಬಾಟಲಿ ಬಳಸಬಾರದು. — ಶಾಂ."

ಅದರ ಕೆಳಗೆ ಖಾಲಿ ಜಾಗ ಇದೆ, ನಾನು ಹೊಸ ಪುಟದಿಂದ ಶುರು ಮಾಡಿದ್ದೆ. ರಜಿಸ್ಟರಿನಲ್ಲಿ ಹೊಡೆದು ಹಾಕುವಂತಿಲ್ಲ, ನಮ್ಮವರದೇ ನಿಯಮ. ಅದಕ್ಕೆ ಮೊದಲು ಇಲ್ಲಿ ಬರೆದು ನೋಡುತ್ತೇನೆ —

ಬಾಟಲಿಗಳನ್ನು ತೊಳೆದವರು ಶಾಂತಲಿಂಗಪ್ಪ, ಅವರ ನಂತರ ಹೆಂಡತಿ ಗುರುಶಾಂತಮ್ಮ. ಬಾಟಲಿಗಳು ಶುದ್ಧ ಇದ್ದವು. ಸತು ಬಂದದ್ದು ದೊಡ್ಡ ಸರ್ ಅವರ

ಸಾಕು. ಉಳಿದದ್ದು ಅಲ್ಲೇ, ರಜಿಸ್ಟರಿನಲ್ಲೇ ಬರೆಯುತ್ತೇನೆ.