ನಿನ್ನ ಕೌಂಟಿಯ ಆರು ಅಂಕಿ

ಮೇಸ್‌ವಿಲ್, ಅಲಬಾಮಾ
ಏಪ್ರಿಲ್ 11, ಗುರುವಾರ ಮಧ್ಯಾಹ್ನ

ನನ್ನ ಮುದ್ದಿನ ಲಮಾಂಟ್‌ಗೆ,

ಹೇಗಿದ್ದೀಯ ಮಗನೇ? ಎಡದವಡೆಯ ಹಲ್ಲುನೋವು ಇಳಿಯಿತೇ? ಏಳು ತಿಂಗಳಿಂದ ನಿನ್ನಿಂದ ಒಂದು ಸಾಲೂ ಇಲ್ಲ, ಆ ಹಲ್ಲು ಇದೆಯೋ ಕಿತ್ತರೋ ಅದೂ ನನಗೆ ಗೊತ್ತಿಲ್ಲ. ನಾನು ಚೆನ್ನಾಗಿದ್ದೇನೆ ಎಂದು ಬರೆಯೋಣವೆಂದರೆ ಕೈ ಬರುತ್ತಿಲ್ಲ. ಹಿಂದಿನ ಕಾಗದಗಳ ಹಾಗೆ ಇದನ್ನೂ ಹರಿದು ಬಿಸಾಡುತ್ತೀಯೇನೋ. ಹರಿ, ಆದರೆ ಓದಿ ಹರಿ. ಈ ಸಲ ನಿನ್ನ ಮಗಳ ವಿಷಯವಿದೆ.

ಮೊದಲು ಹಳೆಯದನ್ನು ಹೇಳಿ ಮುಗಿಸುತ್ತೇನೆ. ಗಾಡಿ ತೆಗೆಯುವ ಮುಂಚೆ ನಿಮ್ಮ ಮಗ ಕುಡಿದಿದ್ದನೇ ಎಂದು ಕೋರ್ಟಿನಲ್ಲಿ ಕೇಳಿದರು. ಬೈಬಲಿನ ಮೇಲೆ ಕೈಯಿಟ್ಟವಳು ನಾನು, ಹೌದು ಎಂದೆ. ನಿನ್ನ ಗಾಡಿಗೆ ಸಿಕ್ಕಿ ಸತ್ತ ಆ ಹುಡುಗಿಯ ತಾಯಿ ಎದುರು ಬೆಂಚಿನಲ್ಲೇ ಕೂತಿದ್ದಳು ಕಣೋ, ಇನ್ನೇನು ಹೇಳಲಿ? ಅಷ್ಟಕ್ಕೆ ನೀನು ಭೇಟಿಯವರ ಪಟ್ಟಿಯಿಂದ ನನ್ನ ಹೆಸರನ್ನೇ ಹೊಡೆದುಹಾಕಿಸಿದೆ. ಇಲ್ಲಿಂದ ಜೈಲಿಗೆ ಬರೀ ಮೂವತ್ತೈದು ಮೈಲಿ. ಎರಡು ಸಲ ಬಂದೆ. ಗೇಟಿನ ಕಾವಲಿನ ಹೆಂಗಸು "ಅಮ್ಮಾ, ಪಟ್ಟೀಲಿ ನೀವಿಲ್ಲ. ಸುಮ್ನೆ ಯಾಕೆ ಪೆಟ್ರೋಲು ಸುಡ್ತೀರಾ, ಮನೆಗೆ ಹೋಗಿ" ಎಂದಳು. ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು, ಆದರೂ ಹೊಟ್ಟೆ ಉರಿದುಹೋಯಿತು.

ಆಮೇಲೆ ನಾನು ಮಾಡಿದ ಕೆಲಸವೊಂದು ನಿನಗೆ ಗೊತ್ತಿಲ್ಲ. ನೀನು ತಂದು ಫ್ರಿಜ್ಜಿನ ಮೇಲಿಟ್ಟ ಹವಾಮಾನದ ರೇಡಿಯೋ ನೆನಪಿದೆಯಲ್ಲ? ಹಳೇ ಮುದುಕ, ಅದಕ್ಕೆ ಒಂದೇ ಕೌಂಟಿ ಗೊತ್ತು. ಯಾವ ಕೌಂಟಿಯ ಆರು ಅಂಕಿ ಒತ್ತಿರುತ್ತೇವೋ ಆ ಕೌಂಟಿಗೆ ಅಪಾಯ ಬಂದರೆ ಮಾತ್ರ ಕಿರುಚುತ್ತದೆ, ಪಕ್ಕದವರು ಹಾರಿಹೋದರೂ ಬಾಯಿ ಬಿಡುವುದಿಲ್ಲ. ಅಕ್ಟೋಬರಿನಲ್ಲಿ ಫೈರ್ ಸ್ಟೇಷನ್ನಿನ ಪರ್ವಿಸನನ್ನು ಕರೆದು, ನಮ್ಮ ಅಂಕಿ ತೆಗೆದು ನಿನ್ನ ಜೈಲಿರುವ ಡಾರ್ಲಾನ್ ಕೌಂಟಿಯ ಅಂಕಿ ಹಾಕು ಎಂದೆ. "ಆಂಟೀ, ನೀವಿರೋದು ಇಲ್ಲಿ. ಅಲ್ಲಿ ಗಾಳಿ ಎದ್ರೆ ನಿಮಗೇನು?" ಎಂದು ಬಾಯಿ ಬಿಟ್ಟುಕೊಂಡು ನೋಡಿದ. "ನನ್ನ ಮಗ ಅಲ್ಲಿದಾನೆ. ಲೆಕ್ಚರ್ ಸಾಕು, ಒತ್ತಪ್ಪಾ" ಎಂದೆ. ಕಾಗದ ಬರದಿದ್ದರೇನು, ಭೇಟಿ ಇಲ್ಲದಿದ್ದರೇನು, ನಿನ್ನ ತಲೆಯ ಮೇಲೆ ಮೋಡ ಕವಿದದ್ದಾದರೂ ತಿಳಿಯಲಿ ಎಂದುಕೊಂಡೆ.

ಅಂದಿನಿಂದ ಇಂದಿನವರೆಗೆ ಹನ್ನೊಂದು ಸಲ ಕಿರುಚಿತು. ಮೊದಲು ಎದೆ ನಡುಗಿಸುವ ಆ ಕೂಗು, ಆಮೇಲೆ ಆ ಯಂತ್ರದ ದನಿ, ಊಟಕ್ಕೆ ಕರೆದಷ್ಟು ತಣ್ಣಗೆ: ಡಾರ್ಲಾನ್ ಕೌಂಟಿಯವರು ಕಿಟಕಿಗಳಿಂದ ದೂರವಿರಿ, ಮನೆಯ ನಡುಕೋಣೆಗೆ ಹೋಗಿ, ತಲೆ ಮುಚ್ಚಿಕೊಳ್ಳಿ. ನಾನೂ ಹೋಗಿ ಸ್ನಾನದ ತೊಟ್ಟಿಯಲ್ಲಿ ಕೂತು ತಲೆಯ ಮೇಲೆ ದಿಂಬು ಹಿಡಿದುಕೊಳ್ಳುತ್ತಿದ್ದೆ. ಇಲ್ಲಿ ಬಿಸಿಲು ಹೊಡೆಯುತ್ತಿದ್ದರೂ ಅಷ್ಟೇ. ಒಂದು ಸಲ ಪಕ್ಕದ ಆರ್ಲೀನ್ ಬಂದು ನೋಡಿ, "ಏನೇ ವರ್ಡೆಲ್, ತಲೆ ಕೆಟ್ಟಿದ್ಯಾ? ಹೊರಗಡೆ ಬಟ್ಟೆ ಒಣಗ್ತಾ ಇದೆ, ನೀನು ಒಳಗೆ ದಿಂಬು ಹೊತ್ಕೊಂಡು ಕೂತಿದ್ದೀಯಲ್ಲೇ!" ಎಂದು ಬಿದ್ದು ಬಿದ್ದು ನಕ್ಕಳು. ನಗಲಿ ಬಿಡು. ಅಷ್ಟು ಹೊತ್ತು ನಿನ್ನ ಜೊತೆ ಇದ್ದೆನೆಂಬ ಸಮಾಧಾನ ನನಗೆ.

ಈಗ ಹೇಳಬೇಕಾದದ್ದು. ಗಾಬರಿಯಾಗಬೇಡ, ಕ್ಯಾರಾ ಬದುಕಿದ್ದಾಳೆ. ಶಾಲೆಗೆ ರಜೆ, ಅವಳಮ್ಮ ಶೋಂಡಾಗೆ ಕೋಳಿ ಫ್ಯಾಕ್ಟರಿಯಲ್ಲಿ ಪಾಳಿ. ಅದಕ್ಕೆ ಮಗುವನ್ನು ನನ್ನ ಹತ್ತಿರ ಬಿಟ್ಟಿದ್ದಳು. ಹೋದ ಗುರುವಾರ ನಾಲ್ಕು ಗಂಟೆ ಹೊತ್ತಿಗೆ ನಾನು ನಮ್ಮ ಈ ತಗಡಿನ ಟ್ರೈಲರ್ ಮನೆಯೊಳಗೆ ಸೊಪ್ಪು ಬೇಯಿಸುತ್ತಿದ್ದೆ, ಮಗು ಹಿತ್ತಲಲ್ಲಿ ಟೈರಿನ ಉಯ್ಯಾಲೆ ಆಡುತ್ತಿದ್ದಳು. ಪೇಟೆಯ ಸೈರನ್ ನಮ್ಮ ಹಳ್ಳದವರೆಗೆ ಕೇಳುವುದಿಲ್ಲ, ಫೋನಿನ ಸಿಗ್ನಲ್ ಕಥೆ ನಿನಗೇ ಗೊತ್ತು. ರೇಡಿಯೋ ಫ್ರಿಜ್ಜಿನ ಮೇಲೆ ತೆಪ್ಪಗೆ ಕೂತಿತ್ತು. ಆರ್ಲೀನ್ ಕಾರಿನ ಹಾರ್ನ್ ಒತ್ತಿಕೊಂಡೇ ಬಂದು "ಮಗು ಎಲ್ಲೇ? ಮಗು ಎಲ್ಲಿ?" ಎಂದು ಅರಚಿದಾಗಲೇ ನಾನು ಆಕಾಶ ನೋಡಿದ್ದು, ಸುಂಟರಗಾಳಿ ಮೇಲೇ ಬಂದುಬಿಟ್ಟಿತ್ತು. ಓಡಿದೆ ಲಮಾಂಟ್, ಈ ಮಂಡಿ ಇಟ್ಟುಕೊಂಡು ಓಡಿದೆ. ನನಗಿಂತ ಮುಂಚೆ ಪಕ್ಕದ ಮನೆಯ ತಗಡು ಹಾರಿಬಂದು ಅವಳಿಗೆ ಬಡಿಯಿತು. ಎಡಗೈಯ ಎರಡು ಮೂಳೆ ಮುರಿದಿವೆ, ಹುಬ್ಬಿನ ಮೇಲೆ ಒಂಬತ್ತು ಹೊಲಿಗೆ. ಕಣ್ಣು ಉಳಿಯಿತು, ಕೂದಲೆಳೆಯಷ್ಟರಲ್ಲಿ.

ಆಸ್ಪತ್ರೆಯಲ್ಲಿ ಅವಳು, "ಅಜ್ಜೀ, ರೇಡಿಯೋ ಯಾಕೆ ಕೂಗ್ಲಿಲ್ಲ? ಅದು ನಮ್ಮನ್ನ ಕಾಯುತ್ತೆ ಅಂತ ಅಪ್ಪ ಹೇಳಿದ್ನಲ್ಲ" ಎಂದು ಕೇಳಿದಳು. ಕೋರ್ಟಿನಲ್ಲಿ ಸುಳ್ಳಾಡದವಳು ಅಲ್ಲಿ ಆಡಿದೆ. ಕೆಟ್ಟುಹೋಗಿತ್ತು ಪುಟ್ಟಾ ಎಂದೆ. ಶೋಂಡಾಗೆ ಮಾತ್ರ ನಿಜ ಗೊತ್ತಾಯಿತು. ಅವಳು ಕೂಗಾಡಲಿಲ್ಲ. "ನಿಮ್ಮ ಮಗ ಗೋಡೆ ಒಳಗಿದ್ದ ಅತ್ತೆ. ನನ್ನ ಮಗು ತಗಡಿನ ಡಬ್ಬೀಲಿತ್ತು. ಯಾರನ್ನ ಕಾಯ್ಬೇಕಿತ್ತು ನೀವು?" ಎಂದಳು. ಅವಳಿಗೆ ಬೇರೆ ಗತಿಯಿಲ್ಲ, ನಾಳೆಯಿಂದ ಮತ್ತೆ ಮಗು ಇಲ್ಲೇ ಇರಬೇಕು. ಆದರೆ ರೇಡಿಯೋಗೆ ನಮ್ಮ ಅಂಕಿ ಹಾಕಿಸದೆ ಒಳಗೆ ಬಿಡುವುದಿಲ್ಲ ಎಂದಿದ್ದಾಳೆ.

ಶನಿವಾರ ದೊಡ್ಡ ಗಾಳಿಯಂತೆ, ಎರಡೂ ಕೌಂಟಿಗೆ. ಹತ್ತಾರು ಕೌಂಟಿ ಹಿಡಿಯುವ ಹೊಸ ರೇಡಿಯೋ ಬಂದಿವೆಯಂತೆ, ಹೋದ ವಾರದ ಗಾಳಿಯಾದ ಮೇಲೆ ಎಲ್ಲಾ ಹಂಚಿ ಖಾಲಿ, ಇನ್ನು ಬರುವುದು ಮೇ ತಿಂಗಳಿಗೆ. ಇವತ್ತು ನಾಲ್ಕು ಗಂಟೆಗೆ ಪರ್ವಿಸ್ ಅಂಕಿ ಬದಲಿಸಲು ಬರುತ್ತಾನೆ. ಬೇಡ, ವಾಪಸು ಹೋಗು ಎಂದುಬಿಡಲೇ? ಗೋಡೆ ಅಂತೆ ಗೋಡೆ! ನಿಮ್ಮ ಆ ಉದ್ದನೆಯ ಕಟ್ಟಡಗಳಿಗೂ ತಗಡಿನ ಸೂರೇ ಇರುವುದನ್ನು ಗೇಟಿನಿಂದ ಕಣ್ಣಾರೆ ನೋಡಿದ್ದೇನೆ. ಆ ಅಂಕಿ ತೆಗೆಸಿದರೆ ನಿನ್ನನ್ನು ಎರಡನೇ ಸಲ ಕೈಬಿಟ್ಟಂತಾಗುತ್ತದೆ. ತೆಗೆಸದಿದ್ದರೆ ಆ ಮಗುವಿನ ಮುಖ ಹೇಗೆ ನೋಡಲಿ? ನನಗೆ ದಿಕ್ಕೇ ತೋಚುತ್ತಿಲ್ಲ, ಲಮಾಂಟ್.

ಯೇಸು ನಿನ್ನ ತಲೆಯ ಮೇಲೆ ಕೈಯಿಟ್ಟಿರಲಿ. ಹೊಟ್ಟೆ ತುಂಬ ತಿನ್ನು. ಆರ್ಲೀನ್ ನಿನ್ನನ್ನು ಕೇಳಿದಳೆಂದು ತಿಳಿಸಲು ಹೇಳಿದ್ದಾಳೆ.

ನೀನು ಒಪ್ಪಿದರೂ ಬಿಟ್ಟರೂ ನಿನ್ನ ಅಮ್ಮ,
ವರ್ಡೆಲ್

ತಾ.ಕ.: ಅಂಚೆಯವನು ರಸ್ತೆ ತಿರುವಿನಲ್ಲಿದ್ದಾನೆ, ಬೇಗ ಬರೆಯುತ್ತೇನೆ. ಪರ್ವಿಸ್ ಬೇಗನೇ ಬಂದುಬಿಟ್ಟ. ಐದು ಅಂಕಿ ಅವನು ಒತ್ತಿದ, ಆರನೆಯದನ್ನು ನಾನೇ ಒತ್ತಿದೆ. ಈಗ ಅದು ನಮ್ಮ ಕೌಂಟಿಯದು. ಇನ್ನು ನಿನ್ನ ಕಡೆ ಏನಾದರೂ ಆದರೆ ನನಗೆ ಹೇಳುವವರು ನಿನ್ನನ್ನು ಬಿಟ್ಟರೆ ಯಾರೂ ಇಲ್ಲ. ಶನಿವಾರ ಕಳೆದ ಮೇಲೆ ಒಂದು ಲಕೋಟೆ ಹಾಕು ಮಗನೇ. ಬೈದು ಬರೆ, ಇಲ್ಲವೇ ಒಳಗೆ ಏನೂ ಇಡಬೇಡ. ಮೇಲೆ ನನ್ನ ವಿಳಾಸ ನಿನ್ನ ಕೈಬರಹದಲ್ಲಿದ್ದರೆ ಸಾಕು.