ಬಿದಿರಕಟ್ಟೆಹುಂಡಿ ಯಾವ ಎಂಪಿಗೆ?

ಜನವರಿ 6, ಸೋಮವಾರ. ಬೆಳಗ್ಗೆ 6.40

ಎರಡನೇ ಲೋಟ ಕಾಫಿ ಆಯ್ತು. ನಕ್ಷೆಯಲ್ಲಿ ಹುಣಸೂರಿನ ಗಡಿಗೆ ಇಂಕ್ ಹಾಕಿ ಮುಗಿಸಿದೆ. ಪಿರಿಯಾಪಟ್ಟಣ ಬಾಕಿ. ಕೈ ಇನ್ನೂ ನಡುಗಲ್ಲ. ಅರವತ್ತೆಂಟಕ್ಕೆ ಇದು ಕಮ್ಮಿ ಮಾತಲ್ಲ.

26ಕ್ಕೆ ಬನ್ನಿಮಂಟಪದ ಹಿರಿಯರ ಸಂಘದಲ್ಲಿ ನನ್ನ ಭಾಷಣ— ನಮ್ಮ ಲೋಕಸಭಾ ಕ್ಷೇತ್ರ ಹುಟ್ಟಿದ್ದು ಹೆಂಗೆ, ಗಡಿ ಸರಿದಿದ್ದು ಹೆಂಗೆ. ಸರ್ವೆ ಆಫೀಸಲ್ಲಿ ಮೂವತ್ತನಾಲ್ಕು ವರ್ಷ ನಕ್ಷೆ ಬರೆದವನು. ನಾನಲ್ಲದೆ ಇನ್ಯಾರು ಹೇಳಬೇಕು? ಮೊದಲೆರಡು ಚುನಾವಣೆಯಲ್ಲಿ ಮೈಸೂರಿಗೆ ಇಬ್ಬಿಬ್ಬರು ಎಂಪಿ ಅಂದರೆ ಸೆಕ್ರೆಟರಿ ಪ್ರಸಾದ್ ನಂಬಲೇ ಇಲ್ಲ. ಪುಸ್ತಕ ತೆಗೆದು ತೋರಿಸಿದೆ.

ಜನವರಿ 15, ಬುಧವಾರ

ತಂಗಿ ಚೆಲುವಮ್ಮ ಎಳ್ಳುಬೆಲ್ಲ ತಂದಿದ್ದಳು. ಬಿದಿರಕಟ್ಟೆಹುಂಡಿಯಲ್ಲಿ ಅಂಗನವಾಡಿ ಸಹಾಯಕಿ. ಊರು ಹೈವೇಯ ಈ ಕಡೆ, ಅಂಗನವಾಡಿ ಆ ಕಡೆ. ದಿನಾ ಹನ್ನೊಂದು ಮಕ್ಕಳನ್ನ ಕೈ ಹಿಡಿದು ದಾಟಿಸಬೇಕು. ಮಂಡಿನೋವು ಬೇರೆ. ಮಾರ್ಚ್ 31ಕ್ಕೆ ರಿಟೈರ್. ಆಮೇಲೆ ಯಾರು ದಾಟಿಸ್ತಾರೆ ಅಂತ ಅವಳಿಗೆ ಅದೊಂದೇ ಯೋಚನೆ.

ಅಂಡರ್‌ಪಾಸ್ ಬೇಕು ಅಂತ ಆಗಸ್ಟಲ್ಲೇ ಮನವಿ ಬರೆದುಕೊಟ್ಟಿದ್ದೇನೆ. 214 ಸಹಿ. ಮೈಸೂರು ಎಂಪಿ ಆಫೀಸಿಗೆ ನಾನೇ ಹೋಗಿ ಕೊಟ್ಟು ಬಂದದ್ದು.

"ಅಣ್ಣ, ನಾವು ಚಾಮರಾಜನಗರದ ಎಂಪಿಗೆ ಸೇರ್ತೀವಂತೆ ಕಣೋ. ವೋಟಿನ್ ಚೀಟೀಲಿ ಅಂಗೇ ಇತ್ತು ಅಂತ ಚಿಕ್ಕಬಸವಯ್ಯ ಅಂತಿದ್ದ."

"ಚೀಟಿ ತಪ್ಪು ಪ್ರಿಂಟ್ ಆಗಿರುತ್ತೆ ಕಣಮ್ಮ. ನಿಮ್ಮದು ಮೈಸೂರು ತಾಲ್ಲೂಕು. ನಂಗೆ ಗಡಿ ಪಾಠ ಹೇಳ್ಬೇಡ, ಬುಡು."

ಸುಮ್ಮನೆ ನಕ್ಕಳು. ಅವರೂರಿನ ಆ ಚಿಕ್ಕಬಸವಯ್ಯ ಒಬ್ಬ, ಎಲ್ಲದಕ್ಕೂ ಮೂಗು ತೂರಿಸ್ತಾನೆ.

ಜನವರಿ 26, ಭಾನುವಾರ

ಭಾಷಣ ಜೋರು. 2009ರಿಂದ ಕೊಡಗು ನಮಗೆ, ಕೆ.ಆರ್. ನಗರ ಮಂಡ್ಯಕ್ಕೆ, ವರುಣ ಚಾಮರಾಜನಗರಕ್ಕೆ. ಚೀಟಿ ನೋಡದೆ ಹೇಳಿದೆ. ನಕ್ಷೆ ಮುಂದೆ ನಿಂತು ಫೋಟೋ ಬೇರೆ. ನಕ್ಷೆಯಲ್ಲಿ ತಂಗಿ ಊರನ್ನೂ ಗುರುತು ಮಾಡಿದ್ದೆ— ಗೆರೆಯ ಈಚೆಗೆ, ಮೈಸೂರಿನ ಒಳಗೆ. ಪ್ರಸಾದ್ ಅದನ್ನ ಫ್ರೇಮ್ ಹಾಕಿಸ್ತಾನಂತೆ.

ಫೆಬ್ರವರಿ 3, ಸೋಮವಾರ. ಸಂಜೆ 4

ಮನವಿ ಎಲ್ಲಿಗೆ ಬಂತು ಅಂತ ಕೇಳಲು ಎಂಪಿ ಆಫೀಸಿಗೆ ಹೋಗಿದ್ದೆ. ಟೇಬಲ್ ಮೇಲೆ ಕೈ ಊರಿ ಸ್ವಲ್ಪ ದಬಾಯಿಸಿದೆ ಕೂಡ. ಹುಡುಗಿ ಶಾಂತವಾಗಿ ಕಂಪ್ಯೂಟರ್ ನೋಡಿದಳು.

"ಸರ್, ಆ ಊರು ನಮ್ಮ ಕ್ಷೇತ್ರದಲ್ಲಿಲ್ಲ. ಚಾಮರಾಜನಗರದ ಎಂಪಿಯವರಿಗೆ ಕೊಡಿ ಅಂತ ಸೆಪ್ಟೆಂಬರಲ್ಲೇ ನಿಮಗೆ ಕಾಗದ ಕಳಿಸಿದ್ದೀವಲ್ಲ?"

ಬಂದಿತ್ತು. ಮನವಿ ಮುಟ್ಟಿದೆ ಅನ್ನೋ ಸ್ವೀಕೃತಿ ಇರಬೇಕು ಅಂತ ಕವರ್ ಒಡೆಯದೆ ಫೈಲಿಗೆ ಸೇರಿಸಿದ್ದೆ. ಮೂವತ್ತನಾಲ್ಕು ವರ್ಷದ ಆಫೀಸ್ ಚಾಳಿ. ಮನೆಗೆ ಬಂದು ಒಡೆದೆ. ಮೂರೇ ಸಾಲು.

ಆದರೂ... ಅವರೇ ತಪ್ಪಿರಬಹುದು. ಸರ್ವೆ ಆಫೀಸಿನ ಹಳೇ ನಕ್ಷೆ ಶೀಟ್ ನೋಡಿದರೆ ಇತ್ಯರ್ಥ ಆಗುತ್ತೆ.

ಫೆಬ್ರವರಿ 5, ಬುಧವಾರ

ಆಫೀಸಲ್ಲಿ ನನ್ನ ಕೈಕೆಳಗೆ ಇದ್ದ ಕುಮಾರ್ ಕ್ಷೇತ್ರದ ಗಡಿ ಬದಲಾದಾಗಿನ 2008ರ ಶೀಟ್ ತೆಗೆಸಿಕೊಟ್ಟ. ಕ್ಷೇತ್ರದ ಗೆರೆ ತಾಲ್ಲೂಕು ಗಡಿ ಹಿಡಿದು ಹೋಗಿಯೇ ಇಲ್ಲ. ತಾಲ್ಲೂಕಿನೊಳಗೇ ತಿರುಗಿ, ಬಿದಿರಕಟ್ಟೆಹುಂಡಿಯನ್ನ ಆಚೆಗೆ ಬಿಟ್ಟು ಮುಂದೆ ಹೋಗಿದೆ. ಮೂಲೆಯಲ್ಲಿ ನಕ್ಷೆ ಬರೆದವರ ಸಹಿ.

ನನ್ನದೇ.

ಕುಮಾರ್ ಶೀಟ್ ಮಡಚಿಟ್ಟ. "ಟೀ ಕುಡಿಯೋಣ ಬನ್ನಿ ಸರ್" ಅಂದ. ನನ್ನ ತಂಗಿ ಊರನ್ನ ನಾನೇ ಆಚೆಗೆ ಹಾಕಿ, ಆಮೇಲೆ ಅವಳಿಗೇ ಬೈದೆ.

ಫೆಬ್ರವರಿ 14, ಶುಕ್ರವಾರ

ಒಂಬತ್ತು ದಿನ ಏನೂ ಬರೆದಿಲ್ಲ. ತಂಗಿ ಫೋನ್ ಮಾಡಿದರೆ "ಆಗ್ತಾ ಇದೆ" ಅಂದೆ. ಸುಳ್ಳು. ನಾಚಿಕೆ ಆಗುತ್ತೆ.

ಕುಮಾರ್ ಹೇಳಿದ: 20ಕ್ಕೆ ಹೈವೇಯವರ ಜೊತೆ ಚಾಮರಾಜನಗರ ಎಂಪಿಯ ಮೀಟಿಂಗ್. 18ರೊಳಗೆ ಮನವಿ ಸೇರಬೇಕು. ಹೊಸ ಮನವಿ, ಹೊಸ ಸಹಿ. ಆಗುತ್ತೆ. ಆಗದೆ ಏನು? ಒಕ್ಕಣೆ ಈಗಲೇ ಬರೆದೆ, ಅರ್ಧ ಗಂಟೆಯ ಕೆಲಸ. ಶೀಟಿನ ಜೆರಾಕ್ಸ್ ಲಗತ್ತು. ಇಷ್ಟು ಗಟ್ಟಿ ಅರ್ಜಿ ಆ ಆಫೀಸಿಗೆ ಬಂದಿರಲ್ಲ.

ಪ್ರಸಾದ್‌ಗೂ ಹೇಳಿದೆ. ನಕ್ಷೆ ಫ್ರೇಮ್ ಹಾಕಿಸಬೇಡ, ತಪ್ಪಿದೆ.

ಫೆಬ್ರವರಿ 16, ಭಾನುವಾರ

ಊರಿಗೆ ಹೋದೆ. ಚೆಲುವಮ್ಮನ ಮನೆ ಮುಂದೆ ಎಲ್ಲರೂ ಸೇರಿದ್ದರು. ನಿಂತುಕೊಂಡೇ ಹೇಳಿದೆ. ತಪ್ಪು ಎಂಪಿಗೆ ಕೊಟ್ಟಿದ್ದು ನಾನು. ಉತ್ತರ ಒಡೆಯದೆ ಇಟ್ಟಿದ್ದೂ ನಾನು. ಆರು ತಿಂಗಳು ದಂಡ.

ಚಿಕ್ಕಬಸವಯ್ಯ ಮೀಸೆ ಒಳಗೆ ನಗ್ತಾನೆ ಅಂದ್ಕೊಂಡಿದ್ದೆ. ನಗಲಿಲ್ಲ. "ಪೆನ್ ಕೊಡಿ ಸಾರ್. ಒಂದು ಸಲಿ ಹಾಕಿರೋ ಸಹಿ, ಇನ್ನೊಂದು ಸಲಿ ಹಾಕಕ್ಕೆ ಏನು?" ಅಂದ. ಸಂಜೆಗೆ 209. ಐದು ಜನ ಊರಲ್ಲಿಲ್ಲ.

ತಂಗಿ ಕೊನೆಗೆ ಹಾಕಿದಳು. ಬೈತಾಳೆ ಅಂತ ಕಾದೆ. ಬೈಲಿಲ್ಲ.

"ಇವತ್ತು ಇಲ್ಲೇ ಉಳ್ಕೊಬುಡು ಅಣ್ಣ. ಬೆಳಿಗ್ಗೆ ಮಕ್ಳನ್ನ ನೀನೇ ದಾಟ್ಸು. ನಾನು ಹಿಂದೆ ಬತ್ತೀನಿ."

ಅದಕ್ಕೇನಂತೆ, ರಸ್ತೆ ತಾನೆ ಅಂದೆ.

ಫೆಬ್ರವರಿ 17, ಸೋಮವಾರ. ಬೆಳಗ್ಗೆ 10.15

ಬಸ್ಸಲ್ಲಿ ಬರೀತಿದ್ದೇನೆ. ಮನವಿ ಬ್ಯಾಗಲ್ಲಿದೆ. ಸೀದಾ ಚಾಮರಾಜನಗರ. ಇವತ್ತೇ ಕೈಗೆ ಕೊಟ್ಟು ಸೀಲ್ ಹಾಕಿಸಿಕೊಂಡೇ ಬರೋದು.

ಒಂಬತ್ತೂಕಾಲಿಗೆ ರಸ್ತೆ ಅಂಚಲ್ಲಿ ನಿಂತೆ. ಹನ್ನೊಂದು ಮಕ್ಕಳು, ನನಗೆ ಎರಡು ಕೈ. ಹೆಜ್ಜೆ ಇಟ್ಟೆ, ಟಿಪ್ಪರ್ ಬಂತು, ಹಿಂದೆ ಸರಿದೆ. ಇನ್ನೊಂದು ಸಲ. ಕಾರು. ಒಂದು ಮಗು ಕೈ ಕೊಸರಿಕೊಂಡು ಎರಡು ಹೆಜ್ಜೆ ಮುಂದೆ ಹೋಗೇಬಿಡ್ತು. ಲಾರಿ ಹಾರನ್. ಚೆಲುವಮ್ಮ ಹಿಂದಿಂದ ಮಗುವಿನ ಅಂಗಿ ಹಿಡಿದು ಎಳೆದಳು— ನನಗಿಂತ ಮೊದಲು, ಆ ಮಂಡಿ ಇಟ್ಟುಕೊಂಡು. ಆಮೇಲೆ ಅವಳೇ ದಾಟಿಸಿದಳು. ನಾನು ಸಾಲಿನ ಕೊನೆಯಲ್ಲಿ, ಒಂದು ಮಗುವಿನ ಕೈ ಹಿಡಿದುಕೊಂಡು.

ದಿನಾ ಹಿಂಗೇನಾ ಅಂತ ಕೇಳಿದೆ. ಊಂ ಅಂದಳು.

ಸೆಪ್ಟೆಂಬರ್, ಅಕ್ಟೋಬರ್, ನವೆಂಬರ್. ದಿನಾ. ಆ ಕವರ್ ನನ್ನ ಬೀರುವಿನ ಫೈಲಿನಲ್ಲಿ, ಒಡೆಯದೆ—