ಕಾಂತೇಶನ ಚೀಟಿಗಳು

ಕೋಗಳಿ
9-12-2024

ತಂಗಿ ನಾಗಲಿಂಗಮ್ಮನಿಗೆ ನಿನ್ನ ಅಣ್ಣನ ಆಶೀರ್ವಾದ.

ನಿನ್ನ ಕಾಗದ ಬಂದು ಬಹಳ ದಿನವಾಯಿತು. ಪುರಸೊತ್ತಿರಲಿಲ್ಲ ಎಂದರೆ ಸುಳ್ಳು, ಮನಸ್ಸಿರಲಿಲ್ಲ. ಫೋನಿನಲ್ಲಿ ಹೇಳೋಣವೆಂದರೆ ನೀನು ಅಳುತ್ತಿ, ನಾನು ಬೈಯುತ್ತೇನೆ. ಮೂರನೇ ಕ್ಲಾಸಿಗೆ ಬಿಟ್ಟವನ ಅಕ್ಷರ, ಸಾವಕಾಶ ಓದಿಕೋ.

ಮೊಮ್ಮಗನನ್ನು ಶಾಲೆ ಬಿಡಿಸಿದೆಯಂತೆ ಎಂದು ಕೇಳಿದ್ದಿ. ಹೌದು, ಬಿಡಿಸಿದ್ದೇನೆ. ವ್ಯಾನ್ ಬಂದು ಹಾರನ್ ಹೊಡೆದು ಹಾಗೇ ಹೋಗುತ್ತದೆ.

ಶಾಲೆ ಕೆಟ್ಟದ್ದಲ್ಲ. ಒಂಬತ್ತು ವರ್ಷವಾದರೂ ಕಾಂತೇಶನಿಗೆ ಮಾತಿಲ್ಲ. ಏನು ಬೇಕೋ ತಿಳಿಯದೆ ನಾನು ರೇಗುತ್ತಿದ್ದೆ, ಅವನು ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿದ್ದ. ಹಗರಿಬೊಮ್ಮನಹಳ್ಳಿಯ ಆ ಶಾಲೆಯ ಸುಕನ್ಯಾ ಟೀಚರ್ ನೀರು, ರೊಟ್ಟಿ, ಪಾಯಿಖಾನೆ ಎಲ್ಲದರ ಫೋಟೋ ತೆಗೆದು ಅಂಗೈಯಗಲದ ಚೀಟಿ ಮಾಡಿಸಿದಳು. ಬೇಕಾದ್ದರ ಚೀಟಿಯನ್ನು ಹುಡುಗ ನಮ್ಮ ಕೈಗೆ ತಂದು ಕೊಡಬೇಕು. ಇಸ್ಪೀಟು ಆಡಿಸುತ್ತೀರೇನು ಎಂದು ಗದರಿದೆ. ಆಯಮ್ಮ ನಕ್ಕು, "ಅವ್ನು ಚೀಟಿ ಕೊಟ್ಟ ಕೂಡ್ಲೆ ಅದನ್ನ ಕೊಟ್ಬಿಡ್ರಿ ಅಜ್ಜಾರ. ನೀವು ತಪ್ಪಿದ್ರ ಚೀಟಿ ಮ್ಯಾಲಿನ ನಂಬ್ಕಿ ಹೋಗತೈತಿ," ಎಂದಳು.

ಒಂದು ಮಧ್ಯಾಹ್ನ ಕಟ್ಟೆಯ ಮೇಲೆ ಕೂತಿದ್ದೆ. ನೀರಿನ ಚೀಟಿ ತಂದು ಕೈಯಲ್ಲಿಟ್ಟು ನನ್ನ ಮುಖ ನೋಡಿದ, ನಾಗೂ. ಹುಟ್ಟಿದಾಗಿನಿಂದ ನನ್ನನ್ನು ಏನೂ ಕೇಳಿದವನಲ್ಲ. ಚೊಂಬು ತರುವಷ್ಟರಲ್ಲಿ ಅರ್ಧ ನೀರು ನನ್ನ ಪಂಚೆಯ ಮೇಲೇ ಚೆಲ್ಲಿತು. ಆಮೇಲೆ ತಲೆ ಚಚ್ಚಿಕೊಳ್ಳುವುದು ಕಡಿಮೆಯಾಗುತ್ತಾ ಬಂತು. ಎದುರು ಮನೆಯ ಹಂಪಕ್ಕ, "ಹುಡುಗ ಸುಮ್ಕ ಅದಾನ, ಈಗ ಒದರೋದು ನೀ ಒಬ್ಬನ," ಎಂದು ಆಡಿಕೊಂಡಳು.

ಈಗ ಚೀಟಿಗಳ ಡಬ್ಬಿಯನ್ನು ಅಟ್ಟಕ್ಕೆ ಹಾಕಿದ್ದೇನೆ. ಮತ್ತೆ ಗೋಡೆಗೆ ತಲೆ ಹೊಡೆದುಕೊಳ್ಳುತ್ತಾನೆ. ಟೀಚರ್ ಮನೆಗೇ ಬಂದು ಏನಾಯಿತು ಹೇಳಿ ಎಂದಳು. ನಿಮ್ಮ ಶಾಲೆಯ ಉಸಾಬರಿ ಬೇಡ ಎಂದು ಹೊರಗಿನಿಂದಲೇ ಕಳಿಸಿದೆ.

ಮಂಡಿಗೆ ಎಣ್ಣೆ ಹಚ್ಚಿಕೋ. ಅಲ್ಲಿ ಹಲವಾಗಲಿನಲ್ಲಿ ನಿನ್ನ ಮಕ್ಕಳು ಮೊಮ್ಮಕ್ಕಳೆಲ್ಲ ತಣ್ಣಗಿರಲಿ.

ನಿನ್ನ ಅಣ್ಣ
ಜಂಬಣ್ಣ

ತಾ.ಕ.: ನಿನಗೊಬ್ಬಳಿಗೆ ಹೇಳುತ್ತೇನೆ. ಮನೆಯವರ ಚೀಟಿಯನ್ನೂ ಮಾಡೋಣ ಎಂದು ಟೀಚರ್ ಫೋಟೋ ಕೇಳಿದಾಗ, ನನ್ನದರ ಜೊತೆ ಗೋಡೆಯ ಮೇಲಿನ ಗೀತಾಂಜಲಿಯದನ್ನೂ ಕೊಟ್ಟೆ. ತೀರಿಹೋದವರದು ಬೇಡ ಅಜ್ಜಾರ ಎಂದಳು. "ನನ್ನ ಮಗಳು ಈ ಮನಿಯಾಕಿ ಅಲ್ಲೇನು?" ಎಂದು ಜಗಳವಾಡಿ ಮಾಡಿಸಿದೆ. ದೀಪಾವಳಿ ಕಳೆದ ಮೇಲೆ ಕಾಂತೇಶ ಅವರವ್ವನ ಚೀಟಿ ತರಲು ಶುರುಮಾಡಿದ. ಅವಳನ್ನು ಎಲ್ಲಿಂದ ತಂದು ಕೊಡಲಿ? ನಾನು ಡಬ್ಬಿ ಎತ್ತಿಡುವಾಗ ಅದೊಂದು ಅವನ ಮುಷ್ಟಿಯಲ್ಲೇ ಉಳಿಯಿತು, ಬಿಡಿಸಲಾಗಲಿಲ್ಲ. ಈಗ ಅವನ ಹತ್ತಿರ ಇರುವುದು ಅದೊಂದೇ. ನೀರಡಿಸಿದರೂ ಅದನ್ನೇ ಕೊಡುತ್ತಾನೆ, ಹಸಿದರೂ ಅದನ್ನೇ. ನನ್ನೊಬ್ಬನಿಂದ ಆಗುವುದಿಲ್ಲ ನಾಗೂ, ಬಂದುಬಿಡು. ಇದನ್ನು ಬರೆಯುವಾಗಲೂ ತಂದು ಕೊಟ್ಟ. ನೀರು ಕೊಟ್ಟೆ. ಕುಡಿದು, ಚೊಂಬು ಕೆಳಗಿಟ್ಟು, ಬಾಗಿಲ ಕಡೆ ನೋಡುತ್ತಾ ಕೂತಿದ್ದಾನೆ.